ಮಾದೇವಿಯ ಕೂದಲು ತೊಳೆಯುವ ಬಗೆ

ವಿಗ್ಗನ್ನು ತೊಳೆಯುವುದು ಹೇಗೆ ಎಂದು ಕೇಳಿ ಆಸ್ಪತ್ರೆಯಲ್ಲಿ ಪರಿಚಯವಾದ ಹೆಂಗಸರು ನನಗೆ ಈಗಲೂ ಫೋನು ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಕಟ್ಟಿಹೋಯಿತು. "ಅಜ್ಜಿ, ಒಂದ್ಸಲ ಟೈಪ್ ಮಾಡಿ ಇಟ್ಬಿಡಿ, ಕೇಳ್ದೋರಿಗೆಲ್ಲ ಅದನ್ನೇ ಕಳ್ಸಿ" ಎಂದು ಮೊಮ್ಮಗಳು ಸಿಂಚನ ನನ್ನ ಫೋನಿಗೆ ಕನ್ನಡದ ಅಕ್ಷರ ಹಾಕಿಕೊಟ್ಟಳು. ಒತ್ತಕ್ಷರ ಎಲ್ಲಿ ಅಡಗಿದೆ ಎಂದು ಹುಡುಕುವುದರಲ್ಲೇ ಎರಡು ದಿನ ಹೋಯಿತು. ಈಗ ಬೆರಳು ಪಳಗಿದೆ. ನಾಲ್ಕು ಸಾಲಿನಲ್ಲಿ ಮುಗಿಸೋಣ ಎಂದು ಕೂತೆ. ಆದರೆ ನಾನು ತೊಳೆಯಲು ಕಲಿತದ್ದು ನನ್ನ ತಂಗಿ ಮಾದೇವಿಯ ಕೂದಲನ್ನು. ಅವಳನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ. ಅವಸರವಿರುವವರು ಶಾಂಪೂ ಎಂದು ಬರುವ ಕಡೆ ಮಾತ್ರ ಓದಿಕೊಂಡು ನಿಮ್ಮ ಕೆಲಸಕ್ಕೆ ಹೋಗಿ, ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ತವರು ಬಿಳಿಗೆರೆ ಕಡೆ. ನನ್ನನ್ನು ನಂಜನಗೂಡಿಗೆ ಕೊಟ್ಟರು, ನನಗಿಂತ ಆರು ವರ್ಷ ಚಿಕ್ಕವಳಾದ ಮಾದೇವಿಯನ್ನು ಬನ್ನೂರಿನ ಹತ್ತಿರದ ಒಂದು ಹಳ್ಳಿಗೆ. ನನ್ನ ಜಡೆ ಇಲಿಯ ಬಾಲ. ಅವಳದು ಒಂದು ಹಿಡಿಗೆ ಸಿಗದ ಜಡೆ, ಮೊಣಕಾಲು ಮುಟ್ಟುತ್ತಿತ್ತು. ಅವಳಿಗೆ ತಲೆ ಬಾಚಿದಾಗ ಬಾಚಣಿಗೆಗೆ ಸಿಕ್ಕ ಕೂದಲನ್ನೆಲ್ಲ ನಮ್ಮವ್ವ ಬೆರಳಿಗೆ ಸುತ್ತಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ನನ್ನ ಮದುವೆ ಗೊತ್ತಾದಾಗ ಆ ಉಂಡೆಗಳನ್ನೆಲ್ಲ ಬಿಡಿಸಿ ಒಂದು ಚೌರಿ ಕಟ್ಟಿಸಿ ನನ್ನ ಜಡೆಗೆ ಸೇರಿಸಿದಳು. ಗಂಡಿನ ಕಡೆಯವರು ನನ್ನ ಜಡೆಯನ್ನು ಹೊಗಳಿದ್ದೇ ಹೊಗಳಿದ್ದು. ಜಡೆಯ ನಿಜವಾದ ಒಡತಿ ಪಂಕ್ತಿಯಲ್ಲಿ ಕೂತು ಮೂರನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದಳು.

ಮದುವೆಯಾದ ವಾರಕ್ಕೆ ಮೊಳೆಯಲ್ಲಿ ನೇತಾಡುತ್ತಿದ್ದ ಜಡೆಯನ್ನು ನಮ್ಮ ಯಜಮಾನರು ನೋಡಿದರು.

"ಇದ್ಯಾರ್ದು?"

"ನಿಮ್ಮ ನಾದಿನಿದು."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಿಕ್ಕಿದ್ದೆಲ್ಲ ನಿಂದೇ ತಾನೆ?" ಎಂದರು.

ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡಿರಿ.

ಅರವತ್ತು ದಾಟಿದ ಮೇಲೆ ಒಂದು ದಿನ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಅವರೆಕಾಳಿನಷ್ಟು ಒಂದು ಗಂಟು ಕೈಗೆ ಸಿಕ್ಕಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ದಿನಾ ಮುಟ್ಟಿ ನೋಡುವುದು, ಕರಗಿತೇನೋ ಎಂದು ಸಮಾಧಾನ ಮಾಡಿಕೊಳ್ಳುವುದು. ಕೊನೆಗೆ ಹೇಳಿದ್ದು ಮಾದೇವಿಗೆ, ಫೋನಿನಲ್ಲಿ, ಮಳೆ ಬೆಳೆ ಎಲ್ಲ ವಿಚಾರಿಸಿದ ಮೇಲೆ, ಇಡುವ ಮೊದಲು ಒಂದು ಮಾತು. ಮಾರನೇ ದಿನ ಮೊದಲ ಬಸ್ಸಿಗೆ ಬಂದು ಬಾಗಿಲಲ್ಲಿ ನಿಂತಿದ್ದಳು. "ಸೀರೆ ಉಟ್ಕೊ ನಡಿ. ಬೈಯೋದ್ನ ಬಸ್ಸಲ್ಲಿ ಬೈತೀನಿ" ಎಂದಳು. ಮೈಸೂರು ತಲಪುವವರೆಗೂ ಬೈದಳು.

ಆಸ್ಪತ್ರೆಯಲ್ಲಿ ಸ್ಟೀಲಿನ ಕುರ್ಚಿಗಳ ಸಾಲು. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು. ಯಾರೂ ಯಾರ ತಲೆಯನ್ನೂ ನೋಡುವುದಿಲ್ಲ, ಎಲ್ಲರೂ ಎದುರಿನವರ ಕಾಲನ್ನು ನೋಡುತ್ತಾರೆ. ವಾರದ ನಂತರ ಪರೀಕ್ಷೆಯ ಫಲ ಕೇಳಲು ಹೋದಾಗ ನರ್ಸಮ್ಮ "ಪುಟ್ಟಗೌರಮ್ಮ" ಎಂದು ಕೂಗಿದರು. ಇಬ್ಬರು ಎದ್ದು ನಿಂತೆವು. ಇನ್ನೊಬ್ಬ ಪುಟ್ಟಗೌರಮ್ಮ ಚಿಕ್ಕಯ್ಯನಛತ್ರದ ಕಡೆಯವರು, ನನ್ನದೇ ವಯಸ್ಸು. ಇಬ್ಬರಲ್ಲಿ ಒಬ್ಬರಿಗೆ ಏನೂ ಇಲ್ಲ ಎನ್ನುವುದಾದರೆ ಆ ಒಬ್ಬಳು ನಾನಾಗಲಿ ಎಂದು ನಿಂತ ಕಾಲಲ್ಲೇ ಬೇಡಿಕೊಂಡೆ. ಅವರಿಗೆ ಏನೂ ಇರಲಿಲ್ಲ. ಹೊರಗೆ ಬಂದು ಸಂತೋಷಕ್ಕೆ ನನ್ನ ಕೈ ಹಿಡಿದು ಅತ್ತರು. ನಾನು ಒಳಗೊಳಗೇ ಅವರಿಗೆ ಶಾಪ ಹಾಕಿದೆ. ಅವರು ಇದನ್ನು ಓದಿದರೆ ಕ್ಷಮಿಸಲಿ.

ಡಾಕ್ಟರಮ್ಮ ನನಗೆ ಹೇಳುವುದನ್ನೆಲ್ಲ ಹೇಳಿ, ಪಕ್ಕದಲ್ಲಿದ್ದ ಮಾದೇವಿಯನ್ನು ನೋಡಿದರು.

"ನೀವು ತಂಗಿನಾ? ನೀವೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ಬಂದಾಗ ಅಕ್ಕ ತಂಗಿಯರೂ ನೋಡಿಸ್ಕೊಳ್ಳೋದು ಒಳ್ಳೇದು."

"ಆಗ್ಲಿ ಕನವ್ವ. ಮೊದ್ಲು ಅಕ್ಕ ಎದ್ದು ಕೂತ್ಕಳ್ಳಿ, ಆಮ್ಯಾಕ ನಂದು" ಎಂದಳು ಮಾದೇವಿ.

ಆ ಮಾತು ನನ್ನ ಕಿವಿಗೂ ಬಿತ್ತು. ಬಿತ್ತು ಎನ್ನುವುದು ಎರಡು ವರ್ಷದ ಮೇಲೆ ಗೊತ್ತಾಯಿತು.

ಅವತ್ತು ವಾಪಸು ಬರುವಾಗ ಅವಳು ಮನೆಗೆ ಬರದೆ ನೇರವಾಗಿ ಕಪಿಲೆಯ ಮೆಟ್ಟಿಲಿಗೆ ಹೋದಳು. ಕಾಲು ತೊಳೆದು, ದೇವಸ್ಥಾನದ ಕಡೆ ತಿರುಗಿ, ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ನಂಜುಂಡಪ್ಪ, ನಮ್ಮಕ್ಕ ಎದ್ದು ಓಡಾಡಂಗಾದ್ರ ನನ್ನ ಮುಡಿ ನಿಂಗ."

"ನಂದೇ ಕೊಡ್ತೀನಿ ಬುಡಮ್ಮಿ" ಎಂದೆ.

"ನಿನ್ನ ಇಲಿ ಬಾಲ ತಕ್ಕೊಂಡು ದೇವ್ರು ಏನ್ಮಾಡಾನು? ಸುಮ್ನಿರಕ್ಕ."

ಆಪರೇಷನ್ ಆಯಿತು. ಎಡಗಡೆ ಬಯಲಾಯಿತು. ಮನೆಗೆ ಬಂದ ಮೇಲೆ ನಮ್ಮ ಯಜಮಾನರು ನನ್ನನ್ನು ನೇರವಾಗಿ ನೋಡಲು ಹಿಂಜರಿಯುತ್ತಿದ್ದರು. ನಾನೇ ಒಂದು ದಿನ ಕಾಫಿ ಲೋಟ ಕೈಗೆ ಕೊಟ್ಟು, "ನೋಡ್ಬುಡಿ ಒಂದ್ಸಲ, ಮುಗ್ದೋಗ್ಲಿ" ಎಂದೆ. ನೋಡಿದರು. ಲೋಟ ಕೆಳಗಿಟ್ಟರು. "ಮಿಕ್ಕಿದ್ದೆಲ್ಲ ನಿಂದೇ ತಾನೆ. ಸಾಕು ಬುಡು" ಎಂದರು. ನಲವತ್ತು ವರ್ಷಕ್ಕೂ ಹಿಂದಿನ ಮಾತನ್ನು ಅವರು ಮರೆತಿರಲಿಲ್ಲ. ಆ ರೋಗದ ಕಾಲದಲ್ಲಿ ನನಗೆ ದಕ್ಕಿದ ಔಷಧಿಗಳಲ್ಲಿ ಅದೂ ಒಂದು.

ಆಮೇಲೆ ಕೀಮೋ. ಎರಡನೇ ವಾರಕ್ಕೆ ಕೂದಲು ದಿಂಬಿಗೆ, ಸೆರಗಿಗೆ, ಅನ್ನದ ತಟ್ಟೆಗೆ ಬರಲು ಶುರುವಾಯಿತು. ಬಾಚಣಿಗೆಗೆ ಸಿಕ್ಕಿದ್ದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಕಿಟಕಿಯ ಸಂದಿಗೆ ಸಿಕ್ಕಿಸಿದೆ. ಸಿಕ್ಕಿಸಿದ ಮೇಲೆ, ಯಾರ ಚೌರಿಗೆ ಇದು ಎಂದು ನಗು ಬಂತು. ನಗು ಶುರುವಾಗಿದ್ದು ಮುಗಿಯುವಾಗ ಬೇರೆ ಏನೋ ಆಗಿತ್ತು.

ಮಗ ಮೈಸೂರಿನಿಂದ ಒಂದು ವಿಗ್ ತಂದುಕೊಟ್ಟ. ಪ್ಲಾಸ್ಟಿಕ್ ಎಳೆಯದು, ಮಿರಿಮಿರಿ ಕಪ್ಪು. ಅದನ್ನು ಹಾಕಿಕೊಂಡರೆ ನಾಟಕದ ಮಂತ್ರಿಯ ಹಾಗೆ ಕಾಣುತ್ತಿದ್ದೆ. ಹದಿನೈದು ದಿನಕ್ಕೆ ಬೆವರು ವಾಸನೆ ಬಂತು. ಕೂದಲು ಎಂದ ಮೇಲೆ ಅದಕ್ಕೆ ಎಣ್ಣೆಸ್ನಾನ ಮಾಡಿಸಬೇಕು ಎಂದುಕೊಂಡೆ. ಹರಳೆಣ್ಣೆ ಬಿಸಿ ಮಾಡಿ ಹಚ್ಚಿದೆ. ಹಂಡೆಯಿಂದ ಸುಡುಸುಡು ನೀರು ಹುಯ್ದೆ, ಸೀಗೆಪುಡಿ ಹಾಕಿ ತಿಕ್ಕಿದೆ. ಬಾಣಂತಿಯರ ತಲೆ ಒಣಗಿಸುವ ಹಾಗೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ವಿಗ್ಗನ್ನು ಹರಡಿದೆ. ಒಳಗೆ ಹೋಗಿ ಬರುವಷ್ಟರಲ್ಲಿ ಅದು ಮುದುಡಿ, ಅಂಟಿ, ಹೊಗೆಯಾಡುತ್ತ ತೆಂಗಿನ ಗುಂಜಾಗಿತ್ತು.

ಅದೇ ಹೊತ್ತಿಗೆ ಮಾದೇವಿ ಚೀಲ ಹಿಡಿದು ಹಿತ್ತಲಿಗೆ ಬಂದಳು. ಬುಟ್ಟಿ ನೋಡಿದಳು. ಮೂಗು ಮುಚ್ಚಿಕೊಂಡಳು.

"ಏನಕ್ಕ, ಕೋಳಿ ಸುಟ್ಟಿದ್ದೀಯಾ?"

"ನನ್ನ ತಲೆ ಕನೆ."

ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ನಾನು ಅಳಲು ಶುರುಮಾಡಿದೆ. ಎದೆ ಹೋದಾಗ ಅತ್ತಿರಲಿಲ್ಲ. ಸೀರೆಯೊಳಗೆ ಅದು ಯಾರಿಗೆ ಕಾಣುತ್ತದೆ? ಬೋಳು ತಲೆ ಹಾಗಲ್ಲ. ತರಕಾರಿಯವನು ಕೂಡ ಈಗ ನಾನು ಕೇಳಿದ ಬೆಲೆಗೇ ಕೊಡುತ್ತಿದ್ದ. ಅದನ್ನೇ ತಂಗಿಗೆ ಹೇಳಿದೆ, "ಅವ್ನು ಜಗಳ ಆಡೋದ್ನೇ ಬುಟ್ಬುಟ್ಟ ಕನಮ್ಮಿ. ನಾನು ಸತ್ತೋಗಿವ್ನಿ ಅವ್ನ ಲೆಕ್ಕದಲ್ಲಿ."

ಅವಳು ಮುಂದಿನ ವಾರ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ವಿಗ್ ಕಟ್ಟುವ ಒಬ್ಬ ವಯಸ್ಸಾದವರ ಅಂಗಡಿಯಲ್ಲಿ ಕೂರಿಸಿ, ತನ್ನ ಗಂಟು ಬಿಚ್ಚಿದಳು. ಅಲ್ಲೊಂದು ಇಲ್ಲೊಂದು ಬೆಳ್ಳಿ ಎಳೆ ಬಂದಿದ್ದ ಕೂದಲು ಕುರ್ಚಿಯ ಹಿಂದೆ ನೆಲ ಮುಟ್ಟಿತು. ಸಾಮಾನ್ಯವಾಗಿ ಒಬ್ಬರ ಕೂದಲು ಸಾಲುವುದಿಲ್ಲ ಎನ್ನುತ್ತಿದ್ದ ಅವರು ಕೈಯಲ್ಲಿ ತೂಕ ನೋಡಿ, "ಇದು ಸಾಕು ತಾಯಿ" ಎಂದರು.

ನಾನು ಕತ್ತರಿಗೆ ಅಡ್ಡ ಕೈ ಹಿಡಿದೆ. "ಅದು ದೇವ್ರುದ್ದು ಕನೆ. ಮುಡಿಪು ಕಟ್ಟಿದ್ದೀಯ."

"ದೇವ್ರಿಗೇನು ಅವ್ಸರ? ನಿಂಗ ಎರವಲು ಕೊಡ್ತೀನಿ. ಎದ್ದ ಮ್ಯಾಲ ವಾಪಸ್ ಕೊಡು, ನಾನೇ ತಕ್ಕೊಂಡೋಗಿ ಒಪ್ಪಿಸ್ತೀನಿ. ಆದ್ರ ನೋಡು, ಆಳು ಮಾಡ್ಬ್ಯಾಡ. ಅದ್ಕೂ ಸಾಂಬ್ರಾಣಿ ಆಕ್ಬುಟ್ಟೀಯ."

ಹಾಗೆ ದೇವರ ಕೂದಲು ನನ್ನ ತಲೆಗೆ ಬಂತು. ಅದನ್ನು ಹಾಳು ಮಾಡದೆ ಹಿಂದಿರುಗಿಸುವುದೇ ಆವತ್ತಿನಿಂದ ನನ್ನ ಕೆಲಸ. ಬದುಕುತ್ತೇನೋ ಇಲ್ಲವೋ ಗೊತ್ತಿರಲಿಲ್ಲ, ಆದರೆ ಎರವಲು ತಂದ ಪದಾರ್ಥವನ್ನು ಕೊಳಕು ಮಾಡಿ ಕೊಟ್ಟಳು ಎನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ.

ಈಗ ಶಾಂಪೂ ವಿಷಯ. ಹತ್ತು ಹದಿನೈದು ಸಲ ಹಾಕಿಕೊಂಡ ಮೇಲೆ ಒಂದು ಸಲ ತೊಳೆದರೆ ಸಾಕು. ತೊಳೆಯುವ ಮೊದಲೇ ಸಿಕ್ಕು ಬಿಡಿಸಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ, ತುದಿಯಿಂದ ಶುರುಮಾಡಿ ಮೇಲಕ್ಕೆ. ಬುಡದ ಹತ್ತಿರ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿರಿ, ಇಲ್ಲದಿದ್ದರೆ ಕೂದಲು ಕಟ್ಟಿರುವ ಒಳಗಿನ ಬಲೆಯಿಂದ ಎಳೆ ಕಿತ್ತು ಬರುತ್ತದೆ. ಹಂಡೆ ನೀರು ಬೇಡ. ಟಬ್ಬಿನಲ್ಲಿ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಮಕ್ಕಳ ಶಾಂಪೂ ಒಂದು ಚಮಚ ಕದಡಿ, ವಿಗ್ಗನ್ನು ಅದರಲ್ಲಿ ಮುಳುಗಿಸಿ. ತಿಕ್ಕಬಾರದು, ಹಿಂಡಬಾರದು, ಬಟ್ಟೆಯ ಹಾಗೆ ಬಡಿಯಬಾರದು. ಮೇಲಿನಿಂದ ಕೆಳಕ್ಕೆ ಬೆರಳಲ್ಲಿ ನೇವರಿಸಿದರೆ ಕೊಳೆ ತಾನಾಗಿ ಬಿಡುತ್ತದೆ. ಒಳಗಿನ ಪಟ್ಟಿಗೆ ಬೆವರು ಕೂತಿರುತ್ತದೆ, ಅಲ್ಲಿಗೆ ಮಾತ್ರ ಬೆರಳಿನ ತುದಿಯಿಂದ ಸ್ವಲ್ಪ. ಎರಡು ಸಲ ತಿಳಿನೀರಿನಲ್ಲಿ ಅದ್ದಿ ತೆಗೆದು, ಕಂಡೀಷನರ್ ಹಚ್ಚುವುದಾದರೆ ತುದಿಗಷ್ಟೇ ಹಚ್ಚಿ, ಬುಡಕ್ಕೆ ಹಚ್ಚಿದರೆ ಎಳೆ ಕಟ್ಟಿದ ಗಂಟು ಸಡಿಲವಾಗುತ್ತದೆ. ಟವೆಲಿನಲ್ಲಿ ಇಟ್ಟು ಒತ್ತಿ ನೀರು ತೆಗೆದು, ಬೋರಲು ಹಾಕಿದ ದೊಡ್ಡ ಚೊಂಬಿನ ಮೇಲೆ ನೆರಳಿನಲ್ಲಿ ಒಣಗಿಸಿ. ಒದ್ದೆಯಿರುವಾಗ ಬಾಚಬೇಡಿ. ಪ್ಲಾಸ್ಟಿಕ್ ಎಳೆಯದಾದರೆ ಒಲೆಯ ಹತ್ತಿರವೂ ಸುಳಿಯಬೇಡಿ, ರೊಟ್ಟಿ ಕಾವಲಿಯ ಶಾಖಕ್ಕೇ ಸುರುಟಿಕೊಳ್ಳುತ್ತದೆ. ಇಷ್ಟೇ.

ನಾನು ತೊಳೆಯುವ ದಿನ ನೋಡಿಕೊಂಡು ಮಾದೇವಿ ಬರುತ್ತಿದ್ದಳು. ಕತ್ತಿನವರೆಗೆ ಕತ್ತರಿಸಿದ ಕೂದಲಿನಲ್ಲಿ ಶಾಲೆಯ ಹುಡುಗಿಯ ಹಾಗೆ ಕಾಣುತ್ತ, ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ನನ್ನ ಕೈಯನ್ನೇ ಕಾಯುತ್ತಿದ್ದಳು. ಚೊಂಬಿನ ಮೇಲಿನ ಕೂದಲಿಗೆ ನಾನು ಬಾಚಣಿಗೆ ಹಾಕಿದ ಕೂಡಲೆ ಅಲ್ಲಿಂದಲೇ ತಲೆ ಹಿಡಿದುಕೊಂಡು ಕಿರುಚುವಳು.

"ಅಯ್ಯಯ್ಯೋ, ಮೆಲ್ಲಗ ಅಕ್ಕ! ನೋಯ್ತದೆ!"

ಪ್ರತಿ ಸಲ ನಾನು ಬೆಚ್ಚಿ ಕೈ ಬಿಡುತ್ತಿದ್ದೆ. ಪ್ರತಿ ಸಲ ಅವಳು ನಗುತ್ತಿದ್ದಳು.

ನನ್ನ ಚಿಕಿತ್ಸೆ ಮುಗಿಯಿತು. ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದರು. ಕುರಿಮರಿಯ ಹಾಗೆ ಬಿಳಿ ಗುಂಗುರು ಕೂದಲು ಮೊಳೆಯಿತು. ತರಕಾರಿಯವನು ಮತ್ತೆ ಜಗಳ ಶುರುಮಾಡಿದ. ನಾನು ವಿಗ್ಗನ್ನು ಚೆನ್ನಾಗಿ ತೊಳೆದು ಒಣಗಿಸಿ, ಹಳೆಯ ಮೆತ್ತನೆ ಸೀರೆಯ ತುಂಡಿನಲ್ಲಿ ಸುತ್ತಿ ತಂಗಿಗೆ ಫೋನು ಮಾಡಿದೆ.

"ಬಾರಮ್ಮಿ, ದೇವ್ರುದ್ದ ದೇವ್ರಿಗ ಕೊಟ್ಬುಡನ."

"ಒಟ್ಟೆ ಯಾಕೋ ಉಬ್ರ ಕನಕ್ಕ. ಗ್ಯಾಸು. ಸ್ವಾಮಾರ ಬತ್ತೀನಿ."

ಆ ಸೋಮವಾರ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಜೀರಿಗೆ ಕಷಾಯ ಕುಡಿ ಎಂದೆ. ಹೌದು, ನಾನು, ಆ ಆಸ್ಪತ್ರೆಯ ಕುರ್ಚಿಗಳಲ್ಲಿ ಒಂದು ವರ್ಷ ಕೂತು ಬಂದವಳು, ನನ್ನ ತಂಗಿಗೆ ಜೀರಿಗೆ ಕಷಾಯ ಕುಡಿ ಎಂದೆ. ಮೂರನೇ ಸೋಮವಾರವೂ ಕಳೆದ ಮೇಲೆ ನರಸೀಪುರದ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು ಅವಳ ಊರಿಗೆ ಹೋದೆ. ಬಾಗಿಲು ತೆಗೆದವಳ ತೋಳು ಕಬ್ಬಿನ ಜಲ್ಲೆಯಷ್ಟು ಸಣ್ಣಗಾಗಿತ್ತು. ಹೊಟ್ಟೆ ಏಳು ತಿಂಗಳ ಬಸುರಿಯದು.

ಅದೇ ಆಸ್ಪತ್ರೆ, ಅದೇ ಕುರ್ಚಿ. "ಮಾದೇವಮ್ಮ" ಎಂದು ಕೂಗಿದಾಗ ಒಬ್ಬಳೇ ಎದ್ದು ನಿಂತಳು. ಇನ್ನೊಬ್ಬ ಮಾದೇವಮ್ಮನಿಗಾಗಿ ನಾನು ಸಾಲನ್ನೆಲ್ಲ ನೋಡಿದೆ, ಯಾರೂ ಇರಲಿಲ್ಲ. ಅಂಡಾಶಯದ್ದು, ಹರಡಿದೆ ಎಂದರು. ಡಾಕ್ಟರಮ್ಮ ಕಾಗದದಿಂದ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದರು. "ಅವತ್ತೇ ಹೇಳಿದ್ದೆ" ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳ ಊರಿನಲ್ಲಿ ಮಾತು ಬೇರೆ ಥರ ಹಬ್ಬಿತು. ದೇವರಿಗೆ ಮುಡಿಪು ಕಟ್ಟಿದ್ದನ್ನು ಅಕ್ಕನ ತಲೆಗೆ ಹಾಕಿದ್ದಕ್ಕೆ ಹೀಗಾಯಿತು ಎಂದು. ನೋಡಲು ಬಂದ ಒಬ್ಬ ಮುದುಕಿ ಮುಖದ ಮೇಲೇ ಹೇಳಿದಳು.

ಮಾದೇವಿ ಮಂಚದಲ್ಲೇ ಒರಗಿಕೊಂಡು, "ಅಂಗಿದ್ರ ನಮ್ಮಕ್ಕಂಗಲ್ವಾ ಆಗ್ಬೇಕಾಗಿದ್ದುದ್ದು? ಆಕ್ಕೊಂಡು ಮೆರ್ದೋಳು ಅವ್ಳು. ನಂಜುಂಡಪ್ಪಂಗ ಅಷ್ಟೂ ಗೊತ್ತಾಗಕಿಲ್ವ?" ಎಂದಳು. ಮುದುಕಿ ಕಾಫಿ ಮುಗಿಸದೆ ಎದ್ದು ಹೋದಳು.

ದೇವರ ಮೇಲೆ ನನಗೂ ಅನುಮಾನವಿಲ್ಲ. ನನಗೆ ಗೊತ್ತಿರುವುದು ಒಂದೇ: ಒಂದೂವರೆ ಗಂಟೆಯ ಬಸ್ಸು ದಾರಿಯಾಚೆ ನನ್ನ ತಂಗಿ ಇದ್ದಳು, ಅವಳನ್ನು ಎಳೆದುಕೊಂಡು ಹೋಗಲು ನನ್ನ ಎರಡು ಕೈಯೂ ಗಟ್ಟಿಯಾಗಿದ್ದವು.

ಅವಳ ಕೂದಲು ಉದುರಿದಾಗ ಸೀರೆ ತುಂಡಿನ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಒಯ್ದೆ. ಅವಳ ಕೂದಲನ್ನು ಅವಳ ತಲೆಗೇ ಹಾಕಿದೆ. ಜಾರಿ ಹುಬ್ಬಿನ ಮೇಲೆ ಬಂತು.

"ನಿನ್ನ ತಲೆ ಅಳತೆಗ ಮಾಡವ್ರೆ. ಎಷ್ಟು ದಪ್ಪ ತಲೆ ಅಕ್ಕ ನಿಂದು, ವಳಗ ಏನೂ ಇಲ್ದಿದ್ರೂವೆ!"

ಬಲೆಯನ್ನು ಮಡಿಸಿ ಸೂಜಿಯಲ್ಲಿ ಎರಡು ಕಡೆ ಹಿಡಿದು ಮತ್ತೆ ಹಾಕಿದೆ. ಈ ಸಲ ಕೂತಿತು. ಬೆಳ್ಳಿ ಎಳೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಅವಳ ಗಂಡ ಶಿವಣ್ಣ ಗದ್ದೆಯಿಂದ ಬಂದವನು ಬಾಗಿಲಲ್ಲಿ ಮಣ್ಣು ಕಾಲಿನಲ್ಲೇ ನಿಂತುಬಿಟ್ಟ. ಎಲ್ಲಿಗೋ ಹೋಗಿದ್ದವಳನ್ನು ಕೇಳುವ ಹಾಗೆ ಕೇಳಿದ, "ಬಂದ್ಯಾ?"

"ಊಂ, ಬಂದಿವ್ನಿ" ಎಂದಳು.

ಆಮೇಲೆ ನಾನು ಅಲ್ಲೇ ಉಳಿದೆ. ಅವರ ಅಂಗಳದಲ್ಲಿ, ಅವಳ ಮಂಚದಿಂದ ಕಾಣುವ ಹಾಗೆ ಟಬ್ಬು ಇಟ್ಟುಕೊಂಡು ತೊಳೆಯುತ್ತಿದ್ದೆ. ಮೊದಮೊದಲು ಬಾಚಣಿಗೆ ಹಾಕಿದಾಗ ಒಳಗಿನಿಂದ ಕಿರುಚುತ್ತಿದ್ದಳು. ಆಮೇಲೆ ಸುಮ್ಮನೆ ಕೈ ಎತ್ತುತ್ತಿದ್ದಳು. ಆಮೇಲೆ ಅದೂ ಇಲ್ಲ. ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಬೇಕೆಂದೇ ಅವಳಿಗೆ ಕಾಣುವ ಹಾಗೆ ಚೊಂಬು ಅಲುಗಾಡುವಷ್ಟು ಜೋರಾಗಿ ಎಳೆದೆ.

ಅವಳು ಕಣ್ಣು ಮುಚ್ಚಿಕೊಂಡೇ, "ನೋಯ್ತದೆ ಕನಕ್ಕ" ಎಂದಳು.

ಅವಳು ಕೂದಲಿನ ಮಾತು ಆಡುತ್ತಿರಲಿಲ್ಲ. ಬಾಚಣಿಗೆ ಬಿಟ್ಟು ಒಳಗೆ ಹೋಗಿ ಅವಳ ಕಾಲು ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು, "ದೇವ್ರುದ್ದು ಅಂಗೇ ಉಳ್ಕತಲ್ಲಕ್ಕ."

"ನಾನು ನೋಡ್ಕತೀನಿ."

"ನೀನಾ? ಇಲಿ ಬಾಲ" ಎಂದಳು. ನಕ್ಕಳು ಎಂದೇ ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಮಾರನೇ ದಿನ ಬೆಳಿಗ್ಗೆ, ಹಾಲು ಕರೆದು ಶಿವಣ್ಣ ಒಳಗೆ ಬರುವ ಹೊತ್ತಿಗೆ ಹೋದಳು.

ಊರ ಹೆಂಗಸರು ಸೇರಿ ಅವಳಿಗೆ ಸ್ನಾನ ಮಾಡಿಸಿದರು. ಮುತ್ತೈದೆ, ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು, ಬಳೆ ತೊಡಿಸಿದರು. ಮಲ್ಲಿಗೆ ದಂಡೆ ಹಿಡಿದ ಕೈ ಮಾತ್ರ ತಲೆಯ ಹತ್ತಿರ ನಿಂತುಬಿಟ್ಟಿತು. "ಊವ ಎಲ್ಗ ಮುಡ್ಸದು?" ಎಂದು ಯಾರೋ ಮೆಲ್ಲಗೆ ಕೇಳಿದರು.

ಅಂಗಳದ ನೆರಳಿನಲ್ಲಿ ಚೊಂಬಿನ ಮೇಲೆ ಅದು ನಿನ್ನೆಯಿಂದ ಹಾಗೇ ಇತ್ತು. ಎತ್ತಿಕೊಂಡು ಬಂದೆ. ಒಳಗಿನ ಪಟ್ಟಿ ಇನ್ನೂ ಸ್ವಲ್ಪ ತಣ್ಣಗಿತ್ತು. ಅವಳಿಗೆ ಹಾಕಿ, ತುದಿಯಿಂದ ಬಾಚಿ, ಗಿಡ್ಡ ಜಡೆ ಹೆಣೆದು ಮಲ್ಲಿಗೆ ಮುಡಿಸಿದೆ. ಬಾಚುವಷ್ಟು ಹೊತ್ತೂ ನಾನು ಆ ಕಿರುಚಾಟಕ್ಕೆ ಕಾಯುತ್ತಿದ್ದೆ.

ಗುಂಡಿಗೆ ಇಳಿಸುವ ಮೊದಲು ಹಿರಿಯರೊಬ್ಬರು, "ಇದ ತೆಗ್ದು ಮಡಿಕ್ಕತೀರೇನವ್ವ? ಒಳ್ಳೇ ಪದಾರ್ಥ" ಎಂದರು. ಬೇಡ ಎಂದೆ. ಎರವಲು ತಂದದ್ದು, ಒಡತಿಗೆ ತಲಪಿತು. ಅವರ ಗದ್ದೆಯ ಬದಿಯಲ್ಲೇ ಮಣ್ಣು ಮಾಡಿದರು.

ನನ್ನ ಕುರಿಮರಿ ಕೂದಲು ಒಂದು ಗೇಣು ಬೆಳೆಯುವವರೆಗೆ ಕಾದು, ಕಪಿಲೆಯಲ್ಲಿ ಮುಳುಗಿ ಎದ್ದು ಮುಡಿ ತೆಗೆಯುವವನ ಮುಂದೆ ಕೂತೆ. ಅವನು ಕತ್ತಿ ಎತ್ತಿದವನು ನಿಂತ.

"ಇಷ್ಟೇಯಾ ಅಜ್ಜಿ? ಇನ್ನೊಂದೊರ್ಸ ಬುಟ್ಟು ಬರ್ಬಾರ್ದ?"

"ಅರಕೆ ನಂದಲ್ಲಪ್ಪ, ನನ್ ತಂಗಿದು. ಅವ್ಳ್ದು ಮೊಣಕಾಲ್ಗಂಟ ಇತ್ತು. ಇದು ಬಾಕಿ ತೀರ್ಸಕಾಗಲ್ಲ, ನಂಗೊತ್ತು. ಇರೋದಿಷ್ಟು, ತಕ್ಕೊ."

ಅವನು ಮಗುವಿನ ತಲೆ ಬೋಳಿಸುವಷ್ಟು ಮೆಲ್ಲಗೆ ತೆಗೆದ. ಮೆಟ್ಟಿಲ ಮೇಲೆ ಕಾಯುತ್ತಿದ್ದ ನಮ್ಮ ಯಜಮಾನರು ಹೆಗಲ ಟವೆಲು ತೆಗೆದು ನನ್ನ ತಲೆಗೆ ಹೊದಿಸಿದರು.

ಮನೆಗೆ ಬಂದು ಟ್ರಂಕಿನ ತಳದಿಂದ ಮದುವೆಯ ಚೌರಿ ತೆಗೆದೆ. ಅವಳ ಹದಿಮೂರನೇ ವಯಸ್ಸಿನ ಕೂದಲು. ಒಂದೂ ಬೆಳ್ಳಿ ಎಳೆ ಇಲ್ಲ. ಅದು ಮಣ್ಣಿಗೆ ಹೋಗಿಲ್ಲ, ದೇವರಿಗೂ ಹೋಗಿಲ್ಲ. ಬೋಳು ತಲೆಗೆ ಚೌರಿ ನಿಲ್ಲುವುದಿಲ್ಲ, ಸಿಕ್ಕಿಸಿಕೊಳ್ಳಲು ನನ್ನದು ಅಂತ ಇಲಿ ಬಾಲದಷ್ಟಾದರೂ ಬೇಕು. ಬರುತ್ತದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ತೊಳೆದಿಡುತ್ತೇನೆ.

ನನಗೆ ಫೋನು ಮಾಡುವ ಹೆಂಗಸರೇ, ನಿಮಗೆ ಅಕ್ಕ ತಂಗಿಯರಿದ್ದರೆ ವಿಗ್ಗಿನ ಮಾತು ಆಮೇಲಾಯಿತು, ಮೊದಲು ಅವರನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೋಗಿ. ಮುಂದಿನ ಸೋಮವಾರ ಎಂದರೆ ಕೇಳಬೇಡಿ. ಬೈಯುವುದನ್ನು ಬಸ್ಸಿನಲ್ಲಿ ಬೈಯಿರಿ.

ಚೌರಿಗೂ ತೊಳೆಯುವ ಕ್ರಮ ಅದೇ. ತಣ್ಣೀರು, ನೆರಳು. ಬಾಚುವಾಗ ತುದಿಯಿಂದ ಶುರುಮಾಡಿ, ಬುಡವನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಮೆಲ್ಲಗೆ. ನೋಯಬಾರದು.